ವಿದ್ಯಾಕಾಯಕವೂ ಮನೆವಾರ್ತೆಯೂ

 

ಮಾಘಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿಯ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಉಳವಿಯ ಅಡವಿದಾರಿಯಲ್ಲಿ ಬರುವ ಭಕ್ತರಿಗೆ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕಾದುದಿಲ್ಲ. ನೊಗಕ್ಕೆ ಎರಡೂ ಎತ್ತುಗಳು ಹೆಗಲು ಕೊಟ್ಟರೆ ಬಂಡಿಯು ಏರನ್ನು ಏರುವುದು. ಒಂದು ಜಗ್ಗಿ ಮತ್ತೊಂದು ನಿಂತಿತೋ, ಅಲ್ಲಿಯೇ ಉಳಿಯುವುದು. ವಿದ್ಯಾವ್ಯಾಸಂಗವನ್ನೇ ಕಾಯಕವಾಗಿ ಕೈಕೊಂಡ ಹೆಣ್ಣುಮಗಳ ಸಂಸಾರವೂ ಇಂಥದೇ.

ಇದು ಚನ್ನಬಸವಣ್ಣನವರು ಐಕ್ಯರಾದ ಕ್ಷೇತ್ರ. 12ನೆಯ ಶತಮಾನದಲ್ಲಿ ಕಲ್ಯಾಣದ ವಿಪ್ಲವದ ತರುವಾಯ ವಚನದ ಕಟ್ಟುಗಳನ್ನು ಕಾಪಾಡಿಕೊಂಡು ಹೊರಟ ಶರಣರ ತಂಡದಲ್ಲಿ ಅವರ ತಾಯಿ ಅಕ್ಕನಾಗಮ್ಮನವರೂ ಇದ್ದರೆಂದು ಪರಂಪರೆಯು ಹೇಳುತ್ತದೆ. ಮಗನನ್ನು ಬೆಳೆಸಿದ ಆ ತಾಯಿಯು ಸ್ವತಃ ವಚನಕಾರ್ತಿ. ಇಂಥ ಸ್ಥಳದಲ್ಲಿ ನಿಂತು, ಓದಿದ ಹೆಣ್ಣು ಮನೆಗೆ ಒಗ್ಗಳೆಂದು ಆಡತಕ್ಕುದಲ್ಲ. ಆದರೂ ಊರೂರಿನಲ್ಲಿ ಆಡುವವರಿದ್ದಾರೆ. ಅವರಿಗೆ ತರ್ಕದಿಂದ ಉತ್ತರ ಹೇಳುವುದಕ್ಕಿಂತ ಒಬ್ಬ ಅಧ್ಯಾಪಕಿಯ ಜೀವನವನ್ನು ಮುಂದಿಡುವುದು ಲೇಸು.

ರಾಜೇಶ್ವರಿ ಚಟರ್ಜಿಯವರು 1922ರಲ್ಲಿ ಮೈಸೂರು ಸೀಮೆಯಲ್ಲಿ ಹುಟ್ಟಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರಿನ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರ, ಗಂಡ ಬಿಟ್ಟ ಹೆಂಗಸರ ವಿದ್ಯಾಭ್ಯಾಸಕ್ಕಾಗಿ ದುಡಿದವರು. ಆ ಅಜ್ಜಿ ಸ್ಥಾಪಿಸಿದ ಶಾಲೆಯಲ್ಲಿಯೇ ಮೊಮ್ಮಗಳ ಮೊದಲ ಪಾಠಗಳಾದವು. ಬಾಲೆಗೆ ಇತಿಹಾಸದ ಕಡೆಗೂ ಒಲವಿದ್ದಿತು. ಕಡೆಗೆ ಗಣಿತವನ್ನು ಆರಿಸಿಕೊಂಡು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್‌ಸಿ. ಆನರ್ಸ್, ಎಂ.ಎಸ್‌ಸಿ. ಎರಡರಲ್ಲಿಯೂ ವಿಶ್ವವಿದ್ಯಾನಿಲಯಕ್ಕೆ ಮೊದಲಿಗಳಾದಳು. 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಸರಕಾರದ ವಿದ್ಯಾರ್ಥಿವೇತನವನ್ನು ಪಡೆದು, 1947ರಲ್ಲಿ ಹಡಗನ್ನೇರಿ ಅಮೇರಿಕೆಯ ಮಿಶಿಗನ್ ವಿಶ್ವವಿದ್ಯಾನಿಲಯಕ್ಕೆ ತೆರಳಿದಳು. ಆಗ ವಯಸ್ಸು 25. ಆ ವಯಸ್ಸಿನ ಹೆಣ್ಣು ಮದುವೆಯಿಲ್ಲದೆ ಏಳು ಕಡಲಾಚೆ ಹೋದುದನ್ನು ನೆರೆಹೊರೆಯವರು ಹೇಗೆ ಕಂಡಿರಬಹುದೆಂಬುದನ್ನು ಇಲ್ಲಿ ಕುಳಿತ ತಾಯಂದಿರೇ ಊಹಿಸಿಕೊಳ್ಳಬಲ್ಲರು.

1953ರಲ್ಲಿ ಡಾಕ್ಟರೇಟ್ ಪದವಿಯೊಡನೆ ಮರಳಿ ಬಂದು ಅದೇ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಅದೇ ವರ್ಷ ಅಲ್ಲಿಯ ಅಧ್ಯಾಪಕರಾದ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು. ದಂಪತಿಗಳಿಬ್ಬರೂ ಕೂಡಿ ಸೂಕ್ಷ್ಮತರಂಗಗಳ ಸಂಶೋಧನೆಗೆ ಪ್ರಯೋಗಶಾಲೆಯನ್ನು ಕಟ್ಟಿದರು. ಸೂಕ್ಷ್ಮತರಂಗಗಳೆಂದರೆ ಬೆರಳುದ್ದದ, ಗೇಣುದ್ದದ ಅಳತೆಯ ರೇಡಿಯೋ ಅಲೆಗಳು. ದೂರದ ವಿಮಾನವನ್ನು ಕಂಡುಹಿಡಿಯುವ ರಡಾರಿಗೂ ಆಕಾಶದ ಉಪಗ್ರಹದೊಡನೆ ಸುದ್ದಿ ಸಾಗಿಸುವುದಕ್ಕೂ ಇವೇ ಆಧಾರ. ಈ ಅಲೆಗಳನ್ನು ಬೀರುವ, ಹಿಡಿಯುವ ಆಂಟೆನಾಗಳ ವಿಚಾರದಲ್ಲಿ ಆಕೆ ನೂರಕ್ಕೆ ಮೇಲ್ಪಟ್ಟು ಲೇಖನಗಳನ್ನು ಬರೆದರು. 20 ಮಂದಿ ಶಿಷ್ಯರನ್ನು ಡಾಕ್ಟರೇಟಿನವರೆಗೆ ನಡೆಸಿದರು. ತಮ್ಮ ವಿಭಾಗದ ಮುಖ್ಯಸ್ಥೆಯೂ ಆದರು.

ಇಂಥವರ ಮಾತು ಬಂದಾಗ, "ಮನೆಯನ್ನೂ ಕೆಲಸವನ್ನೂ ಚೆನ್ನಾಗಿ ನಿಭಾಯಿಸಿದರು" ಎಂದು ಹೊಗಳುವುದು ವಾಡಿಕೆ. ಈ ಹೊಗಳಿಕೆಯಲ್ಲಿ ಒಂದು ವಂಚನೆಯಿದೆ. ಪ್ರಾಧ್ಯಾಪಕನಾದ ಗಂಡಸಿನ ಚರಿತ್ರೆಯನ್ನು ಬರೆಯುವವರು, ಆತನು ಒಲೆಯನ್ನೂ ನೋಡಿಕೊಂಡನೆ, ಮಗುವಿಗೆ ಜ್ವರ ಬಂದ ದಿನ ಯಾರು ಮನೆಯಲ್ಲಿ ಉಳಿದರು ಎಂದು ವಿಚಾರಿಸುವುದುಂಟೆ? ಪಾಠವು ಗಂಟೆ ಹೊಡೆದೊಡನೆ ಮುಗಿಯುವ ಕಾಯಕವಲ್ಲ. ನಾಳಿನ ಪಾಠಕ್ಕೆ ಇಂದು ರಾತ್ರಿ ಓದಬೇಕು; ಶಿಷ್ಯನು ಬರೆದುದನ್ನು ತಿದ್ದಬೇಕು; ಬಿಡದ ಲೆಕ್ಕವು ಅನ್ನ ಬಡಿಸುವಾಗಲೂ ತಲೆಯಲ್ಲಿ ಸುತ್ತುತ್ತಿರುವುದು. ಹೆಂಗಸಿಗೆ ಹಗಲಿರುಳು ಕೂಡಿ 24 ಗಂಟೆಗಳೇ ಹೊರತು ಹೆಚ್ಚಿಲ್ಲ. ಆದುದರಿಂದ ನಿಭಾಯಿಸುವ ಭಾರವು ಅವಳೊಬ್ಬಳದೆಂದು ತಿಳಿಯುವ ಮನೆಯಲ್ಲಿ ಮೊದಲು ಬಡವಾಗುವುದು ವಿದ್ಯೆ, ಆಮೇಲೆ ಮೈ. ರಾಜೇಶ್ವರಿಯವರಿಗೆ ಹಿಂದೆ ಅಜ್ಜಿಯ ಶಾಲೆಯಿದ್ದಿತು. ಪಕ್ಕದಲ್ಲಿ ಅದೇ ಕಾಯಕದ ಪತಿಯಿದ್ದರು. ಆ ಬುದ್ಧಿಶಕ್ತಿಯು ಇಲ್ಲಿಯ ಹುಡುಗಿಯರಲ್ಲಿಯೂ ಇರಬಹುದು. ಆ ಅನುಕೂಲವು ಎಷ್ಟು ಮನೆಗಳಲ್ಲಿದೆ?

ಜೋಯಿಡಾ ಸೀಮೆಯ ಹಳ್ಳಿಗಳು ಕಾಡಿನಲ್ಲಿ ಒಂದಕ್ಕೊಂದು ದೂರ. ಮೇಲಿನ ತರಗತಿಗೆ ಹೋಗುವ ಹುಡುಗಿಯು ಮನೆ ಬಿಟ್ಟು ಉಳಿಯಬೇಕಾಗುವುದು. ಆಗ ತಂದೆಯು ಹಿಂಜರಿಯುವನು. ತಮ್ಮನನ್ನು ಆಡಿಸಲು ಜನ ಬೇಕೆಂದು ತಾಯಿಯೂ ತಡೆಯುವಳು. ಸೊಸೆಯು ಪರೀಕ್ಷೆಗೆ ಓದುವ ಎರಡು ತಿಂಗಳು ಅತ್ತೆಯು ಕೂಸನ್ನು ಎತ್ತಿಕೊಂಡರೆ, ಗಂಡನು ನೀರು ಸೇದಿ ತಂದರೆ, ಅದು ದಾಸೋಹವಲ್ಲದೆ ಮತ್ತೇನು? ಮಠದಿಂದ ಇದಕ್ಕೆ ಅಪ್ಪಣೆಯಾಗಬೇಕೆಂದು ಕಾಯಬೇಕಾಗಿಲ್ಲ.

ರಾಜೇಶ್ವರಿಯವರು 1982ರಲ್ಲಿ ನಿವೃತ್ತರಾದ ಬಳಿಕ ಆಂಟೆನಾಗಳನ್ನು ಕುರಿತ ಬರಹವನ್ನು ಬಿಡಲಿಲ್ಲ. ಅದರೊಡನೆ ಹೆಂಗಸರ ಸ್ಥಿತಿಗತಿಗಳ ಅಧ್ಯಯನ, ಸಮಾಜಕಾರ್ಯಗಳಲ್ಲಿ ತೊಡಗಿದರು. ಅಲೆಗಳನ್ನು ಅಳೆದ ಕೈಯಿಂದಲೇ ಈ ದೇಶದ ಹೆಣ್ಣು ಗಂಡುಗಳ ನಿಜಜೀವನದ ಕಥೆಗಳನ್ನೂ ಬರೆದರು. 1994ರಲ್ಲಿ ಪತಿಯು ತೀರಿಕೊಂಡರು; 2010ರ ಸೆಪ್ಟೆಂಬರ್ 3ರಂದು ಆಕೆಯೂ ಕಣ್ಮುಚ್ಚಿದರು. ಮಗಳು ಇಂದಿರಾ ಚಟರ್ಜಿಯವರು ಅಮೇರಿಕೆಯ ನೆವಾಡಾ ವಿಶ್ವವಿದ್ಯಾನಿಲಯದಲ್ಲಿ ತಾಯಿಯ ವಿದ್ಯುತ್ ಶಾಸ್ತ್ರಕ್ಕೇ ಪ್ರಾಧ್ಯಾಪಕಿಯಾದರು.