ಬಿಟ್ಟೇಳಬಹುದಾದ ಕೆಲಸ



ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳಿಂದ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಿರುವ ಸ್ತ್ರೀಶಕ್ತಿ ಮತ್ತು ಸಂಜೀವಿನಿ ಸಂಘಗಳ ತಾಯಂದಿರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮಗು ಅತ್ತರೆ ಅಳಲಿ, ಎದ್ದು ಹೊರಗೆ ಹೋಗಬೇಡಿ. ಈ ಸಭೆ ಸೇರಿರುವುದೇ ಆ ಅಳುವಿನ ವಿಚಾರಕ್ಕೆ.

ಮನೆಯಲ್ಲೇ ದುಡಿಯುವ ತಾಯಂದಿರ ಕುರಿತ ಈ ವಿಚಾರ ಸಂಕಿರಣದ ಆಹ್ವಾನ ಪತ್ರಿಕೆಯಲ್ಲಿ ‘ಅವಕಾಶಗಳು ಮತ್ತು ಸವಾಲುಗಳು’ ಎಂದು ಅಚ್ಚಾಗಿದೆ. ಯಾವ ವಿಚಾರ ಸಂಕಿರಣಕ್ಕೆ ಹೋದರೂ ಈ ಜೋಡಿ ತಪ್ಪುವುದಿಲ್ಲ. ಅವಕಾಶಗಳ ಪಟ್ಟಿಯನ್ನು ಮಧ್ಯಾಹ್ನದ ಗೋಷ್ಠಿಯಲ್ಲಿ ಬ್ಯಾಂಕಿನವರು, ಇಲಾಖೆಯವರು ಕೊಡುತ್ತಾರೆ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಸಣ್ಣ ಆಹಾರ ಉದ್ಯಮದ ಎಫ್‌ಎಸ್‌ಎಸ್‌ಎಐ ನೋಂದಣಿಗೆ ವರ್ಷಕ್ಕೆ ನೂರು ರೂಪಾಯಿ, ಮುದ್ರಾ ಸಾಲಕ್ಕೆ ಜಾಮೀನು ಬೇಡ. ಇವೆಲ್ಲ ಬೇಕಾದವೇ. ಆದರೆ ನನಗೆ ಸಿಕ್ಕ ಸಮಯದಲ್ಲಿ ಒಂದೇ ಪ್ರಶ್ನೆಯನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಕಂಕುಳಲ್ಲಿ ಕೂಸಿರುವ ಹೆಂಗಸು ಮನೆಯಲ್ಲೇ ಏನಾದರೂ ಮಾಡಿ ನಾಲ್ಕು ಕಾಸು ಸಂಪಾದಿಸಬೇಕು ಎಂದುಕೊಂಡಾಗ, ಯಾವ ಕೆಲಸ ಮಾಡಬೇಕೆಂದು ಹೇಗೆ ತೀರ್ಮಾನಿಸುತ್ತಾಳೆ?

ನಾವು ತರಗತಿಯಲ್ಲಿ ಪಾಠ ಹೇಳುವಾಗ ಬಂಡವಾಳ, ಕೌಶಲ, ಮಾರುಕಟ್ಟೆ ಎನ್ನುತ್ತೇವೆ. ನಂಜನಗೂಡಿನ ಯಾವುದಾದರೂ ಬೀದಿಯಲ್ಲಿ ಸೀರೆಗೆ ಕುಚ್ಚು ಹಾಕುವವರ ಮನೆಗೆ ಹೋಗಿ ನೋಡಿ. ನಾನು ಕಂಡ ಒಂದು ಮನೆಯಲ್ಲಿ ಸೆರಗನ್ನು ಕಿಟಕಿಯ ಸರಳಿಗೆ ಎದೆಮಟ್ಟದಲ್ಲಿ ಬಿಗಿದು, ಉಳಿದ ಸೀರೆಯನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ ಮಂಚದ ಮೇಲೆ ಇಟ್ಟಿದ್ದರು. ಮನೆಯಾಕೆ ನಿಂತೇ ಕೆಲಸ ಮಾಡುತ್ತಿದ್ದರು. ಕೂತು ಮಾಡಿದರೆ ಸೊಂಟಕ್ಕೆ ಸುಖ, ಆದರೆ ಕೂತ ಎತ್ತರದಲ್ಲಿರುವುದೆಲ್ಲ ಒಂದೂವರೆ ವರ್ಷದ ಮಗಳ ಕೈಗೆ ಸಿಗುತ್ತದೆ. ಮಣಿಗಳೆಲ್ಲ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೊಳಗೆ, ಸೂಜಿ ಗೋಡೆಯ ಕ್ಯಾಲೆಂಡರಿನ ಮೇಲ್ತುದಿಗೆ ಚುಚ್ಚಿಟ್ಟದ್ದು. ಮಗು ಬಾಳೆಹಣ್ಣು ಮೆತ್ತಿದ ಕೈ ಚಾಚಿಕೊಂಡು ಬಂದಾಗ ದಾರಕ್ಕೆ ಗಂಟು ಹಾಕಿ, ಸೂಜಿಯನ್ನು ಕ್ಯಾಲೆಂಡರಿಗೆ ಚುಚ್ಚಿ, ಮಗುವನ್ನು ಎತ್ತಿಕೊಂಡು ಹೋಗಿ ಕೈ ತೊಳೆಸಿ ಬಂದರು. ಬಂದು ಬಿಟ್ಟ ಗಂಟಿನಿಂದಲೇ ಮತ್ತೆ ಹಿಡಿದರು. ‘ಹೊಲಿಗೆಯೂ ಬರುತ್ತಲ್ಲ, ಬ್ಲೌಸ್ ಹೊಲಿದರೆ ಇದಕ್ಕಿಂತ ಹೆಚ್ಚು ಸಿಗೋದಿಲ್ವಾ?’ ಎಂದು ಕೇಳಿದೆ. ‘ಸಿಗುತ್ತೆ ಸಾರ್. ಕತ್ತರಿ ಹಾಕಿದ್ಮೇಲೆ ಅರ್ಧಕ್ಕೆ ಬಿಟ್ಟು ಏಳಕ್ಕಾಗಲ್ಲ. ಇದಾದ್ರೆ ಬಿಟ್ಟೇಳಬೋದು’ ಎಂದರು.

ಇಡೀ ಸಂಕಿರಣಕ್ಕೆ ಬೇಕಾದ ಸೂತ್ರ ಆ ಒಂದು ಮಾತಿನಲ್ಲಿದೆ ಎಂದು ನನ್ನ ನಂಬಿಕೆ. ಎಳೆ ಮಗುವಿರುವ ಮನೆಯಲ್ಲಿ ಲಾಭ ನೋಡಿ ಕೆಲಸ ಆರಿಸುವುದಿಲ್ಲ, ಬಿಟ್ಟೇಳಲು ಬರುತ್ತದೆಯೇ ಎಂದು ನೋಡಿ ಆರಿಸುತ್ತಾರೆ. ಕುಚ್ಚು, ಫಾಲ್ಸ್, ಹೂ ಕಟ್ಟುವುದು, ಊದುಬತ್ತಿ ಹೊಸೆಯುವುದು ಇವೆಲ್ಲ ಯಾವ ಗಳಿಗೆಯಲ್ಲಾದರೂ ಕೆಳಗಿಟ್ಟು ಏಳಬಹುದಾದ ಕೆಲಸಗಳು. ಚಕ್ಕುಲಿ ಕರಿಯುವುದು, ಸಾಂಬಾರ್ ಪುಡಿಗೆ ಮೆಣಸಿನಕಾಯಿ ಹುರಿಯುವುದು, ಮೋಟಾರ್ ಹಾಕಿದ ಮೆಷಿನ್ನಿನಲ್ಲಿ ಹೊಲಿಯುವುದು, ಕುದಿನೀರಿನ ಬಾಣಲೆಯ ಮುಂದೆ ಕೂತು ರೇಷ್ಮೆ ನೂಲು ಬಿಚ್ಚುವುದು ಹಾಗಲ್ಲ. ಮಗು ಅತ್ತಿತೆಂದು ಎದ್ದರೆ ಮಾಲು ಕೆಡುತ್ತದೆ, ಏಳದೆ ಹೋದರೆ ಮಗುವಿಗೆ ಅಪಾಯ. ಹೆಚ್ಚು ಹುಟ್ಟುವಳಿಯಿರುವುದು ಈ ಎರಡನೆಯ ಬಗೆಯಲ್ಲಿ. ಮೊದಲನೆಯದನ್ನು ಯಾರು ಬೇಕಾದರೂ ಯಾವ ಹೊತ್ತಿಗಾದರೂ ಮಾಡಬಹುದು, ಆದ್ದರಿಂದಲೇ ಅದಕ್ಕೆ ಕೂಲಿ ಕಡಿಮೆ. ತರಬೇತಿ ಕೊಟ್ಟೆವು, ಹೊಲಿಗೆ ಯಂತ್ರ ಕೊಟ್ಟೆವು, ಆದರೂ ಮೇಲೆ ಬರಲಿಲ್ಲ ಎಂದು ಇಲಾಖೆಯ ವರದಿಗಳು ಕೊರಗುತ್ತವೆ. ಮೇಲೆ ಬರುವ ಮೆಟ್ಟಿಲಿನಲ್ಲಿ ಕೂಸು ಕೂತಿದೆ. ಅದನ್ನು ಎತ್ತಿಕೊಳ್ಳುವವರು ಯಾರು ಎಂದು ಆ ವರದಿಗಳು ಕೇಳುವುದಿಲ್ಲ.

ಮನೆಯೊಳಗಿನ ಸಂಪಾದನೆ ಈ ಸೀಮೆಗೆ ಹೊಸದಲ್ಲ. ಇದೇ ನಂಜನಗೂಡು ತಾಲ್ಲೂಕಿನ ಬದನವಾಳು, ತಗಡೂರುಗಳಲ್ಲಿ ಖಾದಿ ಬೇರು ಬಿಟ್ಟದ್ದು ಸ್ವಾತಂತ್ರ್ಯಕ್ಕೆ ಎಷ್ಟೋ ಮುಂಚೆ. ಬದನವಾಳಿಗೆ ಗಾಂಧೀಜಿಯೇ ಬಂದಿದ್ದರು, 2015ರಲ್ಲಿ ರಂಗಕರ್ಮಿ ಪ್ರಸನ್ನ ಅಲ್ಲಿಂದಲೇ ಸುಸ್ಥಿರ ಬದುಕಿನ ಸತ್ಯಾಗ್ರಹ ನಡೆಸಿದರು. ಹಂಜಿ ಮನೆಗೆ ಬರಬೇಕು, ನೂಲು ಕೇಂದ್ರಕ್ಕೆ ಹೋಗಬೇಕು ಎಂಬುದು ಅಂದಿನ ಖಾದಿಯ ಕ್ರಮ. ಚರಕವೂ ಬಿಟ್ಟೇಳಬಹುದಾದ ಕೆಲಸವೇ, ಎಳೆ ಕಡಿದರೆ ಮತ್ತೆ ಕೂಡಿಸಬಹುದು. ಮೈಸೂರಿನ ಊದುಬತ್ತಿ ಉದ್ಯಮ ಬೆಳೆದದ್ದೂ ಹೀಗೆಯೇ. ಬಿದಿರ ಕಡ್ಡಿ ಮತ್ತು ಹಿಟ್ಟು ಮನೆಗೆ, ಸಾವಿರದ ಲೆಕ್ಕದಲ್ಲಿ ಬತ್ತಿ ವಾಪಸ್. ಈಗ ಯಂತ್ರಗಳು ಬಂದು ಕೈಹೊಸೆತದ ಕೆಲಸ ಕುಗ್ಗಿದೆ. ಬಿಟ್ಟೇಳಬಹುದಾದ ಕೆಲಸಗಳನ್ನೇ ಯಂತ್ರ ಮೊದಲು ನುಂಗುವುದು, ಈ ಮಾತು ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗಾಗಿ.

ಬಿಟ್ಟೇಳಲು ಬಾರದ ಕೆಲಸದ ತೊಡಕಿಗೆ ಒಂದು ಜಾಣ ಪರಿಹಾರ ಕಂಡುಕೊಂಡವರು ಲಿಜ್ಜತ್ ಹಪ್ಪಳದವರು. 1959ರಲ್ಲಿ ಮುಂಬೈಯ ಗಿರಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲದಿಂದ ಆರಂಭಿಸಿದ ಸಂಸ್ಥೆ ಅದು. ಹಿಟ್ಟು ಕಲಸುವುದು, ತೂಕ, ಪ್ಯಾಕಿಂಗ್ ಎಲ್ಲ ಕೇಂದ್ರದಲ್ಲಿ. ಲಟ್ಟಿಸುವುದು ಮಾತ್ರ ಮನೆಯಲ್ಲಿ. ಬಿಟ್ಟೇಳಲು ಬಾರದ್ದನ್ನು ಒಂದು ಕಡೆ ಕೂಡಿಹಾಕಿ, ಬಿಟ್ಟೇಳಬಹುದಾದ್ದನ್ನು ಮನೆಗೆ ಕಳಿಸಿದರು. ಲಟ್ಟಿಸಿದವಳೇ ಸಂಸ್ಥೆಯ ಪಾಲುದಾರಳೂ ಹೌದು. ಹೊತ್ತಲ್ಲದ ಹೊತ್ತಿನಲ್ಲಿ ಕೆಲಸ ಮಾಡಿದರೂ ಆಕೆಯ ಪಾಲು ಕರಗಲಿಲ್ಲ. ನಮ್ಮ ಸಂಘಗಳು ಹತ್ತು ಮನೆಯಲ್ಲಿ ಹತ್ತು ಬಾಣಲೆ ಇಡುವ ಬದಲು ಕರಿಯುವುದು, ಹುರಿಯುವುದು ಮಾಡಲು ಒಂದು ಸಾಮೂಹಿಕ ಅಡುಗೆಮನೆ ಮಾಡಿಕೊಳ್ಳಬಾರದೇಕೆ? ಪ್ರಧಾನ ಮಂತ್ರಿಗಳ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಮೈಸೂರು ಜಿಲ್ಲೆಗೆ ಗೊತ್ತುಮಾಡಿರುವ ಬೆಳೆ ಬಾಳೆ. ನಂಜನಗೂಡಿನ ರಸಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಅದರ ತೋಟಗಳು ಮಾತ್ರ ಸೊರಗು ರೋಗದಿಂದ ಕರಗಿಹೋದವು ಎನ್ನುವುದು ಬೇರೆ ಸಂಕಟ. ಬೇರೆ ತಳಿಯ ಬಾಳೆಗೇನೂ ಈ ಸೀಮೆಯಲ್ಲಿ ಬರವಿಲ್ಲ. ಚಿಪ್ಸ್ ಕರಿಯುವ ಯಂತ್ರಕ್ಕೆ ಆ ಯೋಜನೆಯಲ್ಲಿ ಸಹಾಯಧನ ಉಂಟು. ಯಂತ್ರದ ಮುಂದೆ ನಿಲ್ಲುವವಳ ಮಗುವಿಗೆ ಯೋಜನಾ ವರದಿಯಲ್ಲಿ ಒಂದು ಸಾಲೂ ಇಲ್ಲ. ಕರೆಂಟಿಗೆ, ಬಾಡಿಗೆಗೆ, ಸಾಗಣೆಗೆ ಕಾಲಮ್ಮು ಇರುವ ಕಾಗದದಲ್ಲಿ ಮಗು ನೋಡಿಕೊಳ್ಳುವ ಖರ್ಚಿಗೂ ಒಂದು ಕಾಲಮ್ಮು ಇರಲಿ ಎಂದು ಇಲ್ಲಿರುವ ಬ್ಯಾಂಕ್ ಅಧಿಕಾರಿಗಳನ್ನು ಕೇಳಿಕೊಳ್ಳುತ್ತೇನೆ. ಅದೂ ದುಡಿಮೆಯ ವೆಚ್ಚವೇ.

ಈಗ ತಿ. ನರಸೀಪುರದ ಕಡೆ ಬರೋಣ. ರೇಷ್ಮೆಯ ಬಗ್ಗೆ ಸ್ವಲ್ಪ ಹೆಚ್ಚು ಮಾತಾಡುವವನಿದ್ದೇನೆ, ಕ್ಷಮಿಸಿ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ (ಕೆಎಸ್‌ಐಸಿ) ನೂಲು ತೆಗೆಯುವ ಕಾರ್ಖಾನೆ ಇರುವ ಊರು ಅದು, ಮೈಸೂರು ಸಿಲ್ಕ್ ಸೀರೆಯ ಎಳೆ ಹೊರಡುವುದು ಇಂಥ ಕಡೆಯಿಂದ. ಹುಳು ಸಾಕಿದವರಿಗೆ ನಾನು ಹೇಳಬೇಕಾದ್ದಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಮೊಟ್ಟೆ ಒಡೆದು ಹೊರಬಂದ ಹುಳು ಗೂಡು ಕಟ್ಟುವ ಹೊತ್ತಿಗೆ ಮೂರೂವರೆ ವಾರ ಕಳೆದಿರುತ್ತದೆ, ನಾಲ್ಕು ಜ್ವರ ದಾಟಿರುತ್ತದೆ. ಜ್ವರ ಎಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಅವಧಿ. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ, ಮನೆಯವಳಿಗೆ ಉಸಿರು ಬಿಡಲು ಸಿಗುವುದು ಅಷ್ಟೇ ಹೊತ್ತು. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ತಿನ್ನುವ ರಭಸ ನೋಡಬೇಕು. ಇಡೀ ಬೆಳೆಯ ಸೊಪ್ಪಿನಲ್ಲಿ ಹತ್ತಕ್ಕೆ ಎಂಟು ಪಾಲು ಆ ಕೊನೆಯ ವಾರದಲ್ಲೇ ಖಾಲಿಯಾಗುತ್ತದೆ. ಹಗಲು ರಾತ್ರಿ ಎನ್ನದೆ ಸೊಪ್ಪು ಹಾಕಬೇಕು. ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಿಸಲು ಚಂದ್ರಿಕೆಗೆ ಬಿಡುವ ದಿನವಂತೂ ಮನೆಯಲ್ಲಿ ಯಾರಿಗೂ ಊಟ ನಿದ್ದೆಯ ನೆನಪಿರುವುದಿಲ್ಲ. ಆ ವಾರ ಮೊಲೆ ಕುಡಿಯುವ ಮಗು ಹೇಗಿರುತ್ತದೆ ಎಂದು ನಮ್ಮಲ್ಲಿ ಯಾರಾದರೂ ಅಧ್ಯಯನ ಮಾಡಿದ್ದೇವೆಯೇ? ಹುಳುಮನೆಗೆ ಹೊಡೆಯುವ ಫಾರ್ಮಲಿನ್, ಬ್ಲೀಚಿಂಗ್ ಪೌಡರ್ ಎಲ್ಲಿಡುತ್ತಾರೆ, ಮಗು ಎಲ್ಲಿ ಮಲಗುತ್ತದೆ ಎಂದು ನಕ್ಷೆ ಬರೆದಿದ್ದೇವೆಯೇ?

ಆದರೆ ರೇಷ್ಮೆ ಇಲಾಖೆ ಒಂದು ವಿಚಾರದಲ್ಲಿ ಬುದ್ಧಿವಂತಿಕೆ ತೋರಿಸಿತು. ಮೊದಲ ಎರಡು ಜ್ವರದವರೆಗಿನ ಎಳೆ ಹುಳು ಬಹಳ ಸೂಕ್ಷ್ಮ. ಅದಕ್ಕೆ ಚಿಗುರು ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು, ಬಿಸಿ ಮತ್ತು ತೇವ ಹದ ತಪ್ಪಬಾರದು. ಒಬ್ಬೊಬ್ಬರ ಮನೆಯಲ್ಲಿ ಇದು ನಡೆಯುವ ಮಾತಲ್ಲ ಎಂದು ಮನಗಂಡು ಚಾಕಿ ಸಾಕಾಣಿಕಾ ಕೇಂದ್ರಗಳನ್ನು ಬೆಳೆಸಿದರು. ನೂರಾರು ಮನೆಗಳ ಹುಳುವಿನ ಬಾಲ್ಯವನ್ನು ತರಬೇತಿ ಪಡೆದವರು ಒಂದೇ ಸೂರಿನಡಿ ನೋಡಿಕೊಳ್ಳುತ್ತಾರೆ, ಎರಡನೇ ಜ್ವರ ಎದ್ದ ಮೇಲೆ ಹುಳುಗಳು ರೈತರ ಮನೆಗೆ ಬರುತ್ತವೆ. ನಷ್ಟ ಇಳಿಯಿತು, ಗೂಡಿನ ಇಳುವರಿ ಏರಿತು. ಹುಳುವಿಗೆ ಚಾಕಿ ಮನೆ ಕಟ್ಟಿದ ನಾವು ಆ ಹುಳು ಸಾಕುವವಳ ಕೂಸಿಗೆ ಅಂಥದ್ದೊಂದನ್ನು ಕಟ್ಟಲಿಲ್ಲ.

ಅಂಗನವಾಡಿ ಇದೆಯಲ್ಲ ಎಂದು ಕೇಳುತ್ತೀರಿ. ಇದೆ, ಹೆಮ್ಮೆಯಿಂದ ಹೇಳಬೇಕು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದ ಜಾಗ ತಿ. ನರಸೀಪುರ. ರಾಜ್ಯದ ಮೊದಲ 100 ಅಂಗನವಾಡಿಗಳು ತೆರೆದದ್ದು ಇದೇ ತಾಲ್ಲೂಕಿನಲ್ಲಿ. ಅಂದು ಅಲ್ಲಿ ಕೂತು ಹಾಡು ಕಲಿತ ಮಕ್ಕಳು ಈಗ ಅಜ್ಜ ಅಜ್ಜಿಯರಾಗಿರುತ್ತಾರೆ. ಆದರೆ ಅಂಗನವಾಡಿಯಲ್ಲಿ ದಿನವಿಡೀ ಕೂರಿಸಿಕೊಳ್ಳುವುದು ಮೂರರಿಂದ ಆರು ವರ್ಷದವರನ್ನು. ಆರು ತಿಂಗಳಿಂದ ಮೂರು ವರ್ಷದ ಕೂಸಿಗೆ ಪೌಷ್ಟಿಕ ಆಹಾರದ ಪೊಟ್ಟಣ ಮನೆಗೆ ಬರುತ್ತದೆ, ಕೂಸು ಮಾತ್ರ ಮನೆಯಲ್ಲೇ ಉಳಿಯುತ್ತದೆ. ಬಿಟ್ಟೇಳಬೇಕಾಗಿ ಬರುವುದು ಈ ಮೂರು ವರ್ಷಗಳಲ್ಲೇ. ಎರಡು ಹೆರಿಗೆಯಾದರೆ ಆರು ವರ್ಷ. ಅಷ್ಟರಲ್ಲಿ ಕೈಕಸುಬು ಮರೆತುಹೋಗಿರುತ್ತದೆ, ಗಿರಾಕಿಗಳು ಬೇರೆಯವರ ಮನೆ ಬಾಗಿಲು ಹಿಡಿದಿರುತ್ತಾರೆ.

ರಾಜ್ಯ ಸರ್ಕಾರದ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಯೋಜನೆ ಒಳ್ಳೆಯ ಹೆಜ್ಜೆ, ಆದರೆ ಮುಖ್ಯವಾಗಿ ನರೇಗಾ ಕೂಲಿಗೆ ಹೋಗುವ ತಾಯಂದಿರನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ್ದು. ಕೇಂದ್ರದ ‘ಪಾಲ್ನಾ’ ಯೋಜನೆ ಅಂಗನವಾಡಿಗೇ ಶಿಶುಪಾಲನಾ ಕೇಂದ್ರವನ್ನು ಸೇರಿಸುತ್ತದೆ. ಅದರ ಗುರಿ ದೇಶಕ್ಕೆಲ್ಲ 17,000. ಅಂಗನವಾಡಿಗಳು ಸುಮಾರು 14 ಲಕ್ಷ. ಭಾಗಿಸಿ ನೋಡಿಕೊಳ್ಳಿ.

ಕಾನೂನಿನ ಕಡೆ ತಿರುಗಿದರೆ ಅಲ್ಲೂ ಇದೇ ಕಥೆ. 2017ರ ತಿದ್ದುಪಡಿಯ ನಂತರ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಹೆಂಗಸಿಗೆ 26 ವಾರಗಳ ಹೆರಿಗೆ ರಜೆ ಉಂಟು, 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಶಿಶುಪಾಲನಾ ಕೊಠಡಿ ಇರಬೇಕು. ಅದೇ ಬೀದಿಯ ಪಕ್ಕದ ಮನೆಯಲ್ಲಿ ಕುಚ್ಚು ಹಾಕುವವಳಿಗೆ ಇವೆರಡೂ ಇಲ್ಲ, ಏಕೆಂದರೆ ಅವಳಿಗೆ ಮಾಲೀಕನೇ ಇಲ್ಲ. ಮನೆಯಿಂದ ದುಡಿಯುವವರ ಬಗ್ಗೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲೇ 177ನೇ ಒಡಂಬಡಿಕೆ ಮಾಡಿತು. ಭಾರತ ಅದನ್ನು ಅನುಮೋದಿಸಿಲ್ಲ. ಅಹಮದಾಬಾದಿನಲ್ಲಿ ಇಳಾ ಭಟ್ 1972ರಲ್ಲಿ ಕಟ್ಟಿದ ‘ಸೇವಾ’ ಸಂಘಟನೆಯವರು ಕಾನೂನಿಗಾಗಿ ಕಾಯಲಿಲ್ಲ. ತಾಯಂದಿರ ದುಡಿಮೆಯ ವೇಳೆಗೆ ಹೊಂದುವ ಹಾಗೆ ಶಿಶುಪಾಲನೆಯದೇ ಒಂದು ಸಹಕಾರ ಸಂಘ ಮಾಡಿಕೊಂಡರು. ಸಹಕಾರ ಸಂಘ ಕಟ್ಟುವುದು ಹಳೆಯ ಮೈಸೂರಿನವರಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಹಾಲಿಗೆ ಮಾಡಿಕೊಂಡಿದ್ದೇವೆ.

ಗಂಡಸರ ವಿಷಯ ಬಿಟ್ಟರೆ ಸಂಘಟಕರು ಬೇಸರಿಸಿಕೊಳ್ಳುತ್ತಾರೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ಕೊಡುವುದು ದಿನಕ್ಕೆ 289 ನಿಮಿಷ, ಗಂಡಸರು 88. ಆ 88 ನಿಮಿಷವನ್ನೂ ಯಾವ ಹೊತ್ತಿನಲ್ಲಿ ಕೊಡುತ್ತಾರೆ ಎನ್ನುವುದು ಮುಖ್ಯ. ಗಿರಾಕಿ ಬಾಗಿಲಲ್ಲಿ ನಿಂತಿರುವಾಗ ಮಗುವನ್ನು ಎತ್ತಿಕೊಂಡರೆ ಅದು ಸಹಾಯ. ರಾತ್ರಿ ನಿದ್ದೆ ಬಂದ ಮಗುವನ್ನು ಎತ್ತಿ ಮುದ್ದಾಡುವುದಕ್ಕೆ ಬೇರೆ ಹೆಸರಿದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಅಂಗನವಾಡಿಯಲ್ಲಿ ಕೂಸುಗಳನ್ನೂ ನೋಡಿಕೊಳ್ಳಲಿ ಎಂದಾಗ, ಗೌರವಧನದ ಹೆಸರಿನಲ್ಲಿ ದುಡಿಯುತ್ತಿರುವ ಅದೇ ಕಾರ್ಯಕರ್ತೆಯ ತಲೆಗೆ ಇನ್ನೊಂದು ಹೊರೆ ಹೇರಬೇಡಿ. ಸಮೀಕ್ಷೆ, ಮತದಾರರ ಪಟ್ಟಿ, ದಾಖಲೆ, ಮೊಬೈಲ್ ಆ್ಯಪ್ ಎಲ್ಲ ಈಗಾಗಲೇ ಅವರದೇ. ಕೂಸಿಗೆ ಬೇರೆ ಕೈ ಬೇಕು, ಆ ಕೈಗೆ ಬೇರೆ ಸಂಬಳ ಬೇಕು. ಒಬ್ಬ ಹೆಂಗಸಿನ ದುಡಿಮೆಯನ್ನು ಇನ್ನೊಬ್ಬ ಹೆಂಗಸಿನ ಪುಕ್ಕಟೆ ದುಡಿಮೆಯ ಮೇಲೆ ನಿಲ್ಲಿಸುವ ಯೋಜನೆಗೆ ನನ್ನ ಒಪ್ಪಿಗೆಯಿಲ್ಲ.

ಪ್ರಬಂಧಕಾರರಲ್ಲಿ ಒಂದು ವಿನಂತಿ. ನಿಮ್ಮ ಪ್ರಶ್ನಾವಳಿಗಳಲ್ಲಿ ಸಾಲ ಎಷ್ಟು, ಆದಾಯ ಎಷ್ಟು ಎಂಬುದರ ಜೊತೆಗೆ ಇನ್ನೆರಡು ಪ್ರಶ್ನೆ ಸೇರಿಸಿ. ನೀವು ಕೆಲಸ ಮಾಡುವಾಗ ಮಗು ಯಾರ ಕೈಯಲ್ಲಿರುತ್ತದೆ? ಮಗುವನ್ನು ನೋಡಿಕೊಳ್ಳುವವರು ಸಿಕ್ಕರೆ ಯಾವ ಕೆಲಸ ಹಿಡಿಯುತ್ತೀರಿ? ಎರಡನೆಯದಕ್ಕೆ ಬರುವ ಉತ್ತರಗಳನ್ನು ಕೂಡಿಸಿದರೆ ಈ ಎರಡು ತಾಲ್ಲೂಕುಗಳು ವರ್ಷವರ್ಷವೂ ಕಳೆದುಕೊಳ್ಳುತ್ತಿರುವ ಸಂಪತ್ತಿನ ಅಂದಾಜು ಸಿಗುತ್ತದೆ.

ಸಂಕಿರಣದ ಕೊನೆಗೆ ನಿರ್ಣಯಗಳನ್ನು ಬರೆಯುವವರಿಗೂ ಹೇಳುತ್ತೇನೆ. ಹತ್ತು ನಿರ್ಣಯ ಬೇಡ, ಒಂದೇ ಸಾಕು. ರಾಜ್ಯದ ಮೊದಲ ಅಂಗನವಾಡಿಗಳನ್ನು ಕಂಡ ತಿ. ನರಸೀಪುರ, ಅದರ ಜೊತೆಗೆ ನಂಜನಗೂಡು, ಈ ಎರಡು ತಾಲ್ಲೂಕುಗಳಲ್ಲಿ ಪ್ರತಿ ಗ್ರಾಮ ಪಂಚಾಯಿತಿಗೆ ಒಂದರಂತೆ ಮೂರು ವರ್ಷದೊಳಗಿನ ಮಕ್ಕಳಿಗೆ ದಿನಪೂರ್ತಿ ನಡೆಯುವ ಶಿಶುಪಾಲನಾ ಕೇಂದ್ರ ತೆರೆಯಬೇಕು. ತಾಯಿ ಕೂಲಿಗೆ ಹೋಗುತ್ತಾಳೋ, ಹುಳು ಸಾಕುತ್ತಾಳೋ, ಕುಚ್ಚು ಹಾಕುತ್ತಾಳೋ ಎಂದು ಬಾಗಿಲಲ್ಲಿ ಕೇಳಬಾರದು. ಬರೆದು, ಇಲ್ಲಿರುವವರೆಲ್ಲ ಸಹಿ ಹಾಕಿ, ಜಿಲ್ಲಾ ಪಂಚಾಯಿತಿಗೆ ತಲುಪಿಸಿ. ಮೊದಲ ಸಹಿ ನಾನು ಹಾಕುತ್ತೇನೆ.