ಸುಟ್ಟ ಅರಮನೆ ಕಲಿಸಿದ ಪಾಠ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಆಡಿದ ಮಾತುಗಳ ಬರಹ ರೂಪ)



ನಾನು ಇದೇ ಶಾಲೆಯಲ್ಲಿ 2004ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವನು. ಆಮೇಲೆ ಪಿಯುಸಿ, ಬಿಇ ಮುಗಿಸಿ ಈಗ ಮೈಸೂರಿನಲ್ಲೇ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಸಮಿತಿಯವರು ಫೋನ್ ಮಾಡಿ, "ಮಕ್ಕಳಿಗೆ ಸ್ಫೂರ್ತಿ ಬರೋ ಹಾಗೆ ನಾಲ್ಕು ಮಾತು ಆಡಪ್ಪ" ಅಂದರು. ನಾನು ಎಷ್ಟು ಓದಿದೆ, ಎಲ್ಲಿ ಕೆಲಸ ಸಿಕ್ಕಿತು ಅನ್ನುವುದನ್ನು ಹೇಳಿದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ನಾಳೆ ಬೆಳಗ್ಗೆ ಯಾರಿಗೂ ನೆನಪಿರುವುದಿಲ್ಲ. ಅದರ ಬದಲು ನಮ್ಮೂರಿನ ಒಂದು ವಸ್ತುಸಂಗ್ರಹಾಲಯದ ಬಗ್ಗೆ, ಎರಡು ಬೆಂಕಿ ಅನಾಹುತಗಳ ಬಗ್ಗೆ ಮಾತಾಡಬೇಕೆಂದು ಬಂದಿದ್ದೇನೆ. ಶುಭ ಸಮಾರಂಭದಲ್ಲಿ ಅಶುಭದ ಮಾತೇಕೆ ಎಂದು ಹಿರಿಯರು ಕೇಳಬಹುದು. ಕಾರಣವನ್ನು ಮುಂದೆ ಹೇಳುತ್ತೇನೆ. ದಯವಿಟ್ಟು ಅಲ್ಲಿಯವರೆಗೆ ತಾಳ್ಮೆ ಇರಲಿ.

ಆ ವಸ್ತುಸಂಗ್ರಹಾಲಯ ನಿಮಗೆಲ್ಲ ಗೊತ್ತಿರುವುದೇ. ಮೈಸೂರು ಅರಮನೆ. ಎಂಟನೇ ತರಗತಿಯಲ್ಲಿದ್ದಾಗ ನಮ್ಮ ಮೇಷ್ಟ್ರು ಸಾಲಾಗಿ ನಿಲ್ಲಿಸಿ ಕರೆದುಕೊಂಡು ಹೋಗಿದ್ದರು. ಅದಾದ ಮೇಲೆ ಊರಿಂದ ನೆಂಟರು ಬಂದಾಗಲೆಲ್ಲ ಹೋಗಿದ್ದೇನೆ. ಕಳೆದ ವರ್ಷ ಬೇಸಿಗೆ ರಜೆಯಲ್ಲಿ ಅಮ್ಮ ಮತ್ತು ಎಂಟು ವರ್ಷದ ಮಗಳ ಜೊತೆ ಹೋದೆ. ಚಪ್ಪಲಿ ಬಿಟ್ಟು, ಗೊಂಬೆ ತೊಟ್ಟಿ ನೋಡಿ, ಆನೆ ಬಾಗಿಲು ದಾಟಿ, ಕಲ್ಯಾಣ ಮಂಟಪಕ್ಕೆ ಬಂದೆವು. ಮೇಲೆ ನವಿಲುಗಳ ಬಣ್ಣದ ಗಾಜಿನ ಗುಮ್ಮಟ, ಸುತ್ತ ಎತ್ತರದ ಕಂಬಗಳು. ಮಗಳು ಒಂದು ಕಂಬ ತೋರಿಸಿ, "ಅಪ್ಪಾ, ಇದು ಮರದ್ದಾ?" ಅಂದಳು. ಪಕ್ಕದಲ್ಲಿ ಬೇರೆ ಗುಂಪಿಗೆ ವಿವರಿಸುತ್ತಿದ್ದ ಗೈಡ್ ಒಬ್ಬರು ನಗುತ್ತಾ, "ಇಲ್ಲಾ ಪುಟ್ಟಿ, ಎರಕದ ಕಬ್ಬಿಣ. ಮರದ ಅರಮನೆ ಸುಟ್ಟುಹೋಯ್ತಲ್ಲ" ಅಂದರು. ಅವಳು ಬಿಡಲಿಲ್ಲ. "ಯಾವಾಗ ಸುಟ್ಟಿದ್ದು? ಯಾರಾದ್ರೂ ಇದ್ರಾ ಒಳಗೆ?" ಅಂತ ದಾರಿಯುದ್ದಕ್ಕೂ ಕೇಳಿದಳು. ಅವಳಿಗೆ ಹೇಳುವುದಕ್ಕೋಸ್ಕರ ಓದಲು ಶುರು ಮಾಡಿದೆ. ಓದಿದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾವು ಈಗ ನೋಡುವುದು ಆ ಜಾಗದ ಮೊದಲ ಅರಮನೆಯಲ್ಲ. 1638ರಲ್ಲಿ ಸಿಡಿಲು ಬಡಿದು ಅಲ್ಲಿನ ಅರಮನೆಗೆ ಹಾನಿಯಾಯಿತು, ಕಂಠೀರವ ನರಸರಾಜ ಒಡೆಯರು ಮತ್ತೆ ಕಟ್ಟಿಸಿದರು ಎಂದು ಇತಿಹಾಸ ಹೇಳುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು, ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದಾಗ ಅವಸರದಲ್ಲಿ ಇನ್ನೊಂದು ಅರಮನೆ ಎದ್ದಿತು. ಅದು ಹೆಚ್ಚಾಗಿ ಮರದ್ದು. ಅದರ ಹಳೆಯ ಛಾಯಾಚಿತ್ರಗಳು ಇಂದಿಗೂ ನೋಡಸಿಗುತ್ತವೆ. ಸುಮಾರು ತೊಂಬತ್ತು ವರ್ಷ ಅದೇ ಮೈಸೂರಿನ ಅರಮನೆಯಾಗಿತ್ತು.

1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡರು. ಮಗ ನಾಲ್ವಡಿಯವರಿಗೆ ಆಗ ಹತ್ತು ವರ್ಷ. ತಾಯಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿ ರಾಜ್ಯ ನೋಡಿಕೊಂಡರು. ಅಂಥ ಮನೆಯಲ್ಲಿ ಬಹಳ ದಿನದ ಮೇಲೆ ಒಂದು ಸಂತೋಷದ ಕಾರ್ಯ ಕೂಡಿಬಂತು. ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರ ಮದುವೆ. ಆ ಮದುವೆಯ ಸಂಭ್ರಮದಲ್ಲೇ, 1897ರ ಫೆಬ್ರವರಿ 28ರಂದು, ಅರಮನೆಗೆ ಬೆಂಕಿ ಬಿತ್ತು. ಮರದ ಅರಮನೆ ಉರಿದುಹೋಯಿತು.

ಗಂಡನನ್ನು ಕಳೆದುಕೊಂಡು ಮೂರು ವರ್ಷವೂ ಆಗಿರಲಿಲ್ಲ. ಮಗ ಚಿಕ್ಕವನು. ಈಗ ಮನೆಯೂ ಇಲ್ಲ. ರಾಜಮನೆತನ ಜಗನ್ಮೋಹನ ಅರಮನೆಗೆ ಹೋಯಿತು. ನಾಲ್ವಡಿಯವರು 1902ರ ಆಗಸ್ಟ್ 8ರಂದು ಲಾರ್ಡ್ ಕರ್ಜನ್ ಸಮ್ಮುಖದಲ್ಲಿ ಅಧಿಕಾರ ವಹಿಸಿಕೊಂಡದ್ದೂ ಆ ಜಗನ್ಮೋಹನದಲ್ಲೇ. ಹೊಸ ಅರಮನೆ ಆಗಿನ್ನೂ ಮುಗಿದಿರಲಿಲ್ಲ.

ಆದರೆ ಆ ತಾಯಿ ಅಳುತ್ತಾ ಕೂರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಹೊಸ ಅರಮನೆಯ ಕೆಲಸ ಆರಂಭವಾಯಿತು. ವಾಸ್ತುಶಿಲ್ಪಿ ಹೆನ್ರಿ ಇರ್ವಿನ್. ಕೆಲಸ ಮುಗಿದದ್ದು 1912ರಲ್ಲಿ. ಖರ್ಚು 41 ಲಕ್ಷ ರೂಪಾಯಿಗೂ ಮೇಲೆ. ನಡುವೆ 1898ರಲ್ಲಿ ಪ್ಲೇಗು ಮೈಸೂರು ಸೀಮೆಗೆ ಬಂತು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಕಾಲ ಅದು. ಆ ಪ್ಲೇಗಿನ ಪಾಠವೂ ನಮ್ಮ ನಗರದ ಮೈಮೇಲೆ ಇದೆ. 1903ರಲ್ಲಿ ನಗರ ಅಭಿವೃದ್ಧಿಗೆ ಒಂದು ವಿಶ್ವಸ್ಥ ಮಂಡಳಿಯನ್ನೇ ಮಾಡಿದರು. ಗಾಳಿ ಬೆಳಕು ಬರುವ ಅಗಲ ರಸ್ತೆಗಳ ಹೊಸ ಬಡಾವಣೆಗಳು ಬಂದವು. ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂದೆ ಓಣಿ ಬಿಟ್ಟಿರುವುದನ್ನು ನೀವು ನೋಡಿರಬಹುದು. ಕಸ, ಕೊಳಕು ಹಿಂದಿನಿಂದಲೇ ಹೋಗಲಿ ಎಂದು ಬಿಟ್ಟ ಜಾಗ ಅದು.

ಈಗ ಅರಮನೆಯನ್ನು ಇನ್ನೊಮ್ಮೆ ನೋಡಿ. ಕಲ್ಯಾಣ ಮಂಟಪದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಎರಕದ ಕಾರ್ಖಾನೆಯಿಂದ ಬಂದವು. ಹೊರಗೋಡೆ ಕಲ್ಲು. ಮರ ಇಲ್ಲವೆಂದಲ್ಲ, ಕೆತ್ತನೆಯ ಬಾಗಿಲುಗಳಿವೆ, ತೇಗದ ಮಾಡುಗಳಿವೆ. ಆದರೆ ಕಟ್ಟಡ ನಿಂತಿರುವುದು ಮರದ ಮೇಲಲ್ಲ. ಎಂಜಿನಿಯರಿಂಗ್ ಓದಿದವನಾಗಿ ಒಂದು ಮಾತು ಸೇರಿಸುತ್ತೇನೆ. ಕಬ್ಬಿಣ ಬೆಂಕಿಗೆ ಸೋಲುವುದೇ ಇಲ್ಲ ಎಂದು ತಿಳಿಯಬೇಡಿ, ಅತಿ ಕಾವಿಗೆ ಎರಕದ ಕಬ್ಬಿಣವೂ ಸೀಳುತ್ತದೆ. ಆದರೆ ಅದು ಬೆಂಕಿಗೆ ಸೌದೆ ಆಗುವುದಿಲ್ಲ. ವ್ಯತ್ಯಾಸ ಅಷ್ಟೇ, ಆ ಅಷ್ಟರಲ್ಲೇ ಜೀವ ಉಳಿಯುತ್ತದೆ.

ಆ ಮದುಮಗಳಿಗಾಗಿ ಮುಂದೆ 1905ರಲ್ಲಿ ಕಟ್ಟಿದ ಜಯಲಕ್ಷ್ಮೀ ವಿಲಾಸ ಇವತ್ತಿಗೂ ಮಾನಸಗಂಗೋತ್ರಿಯಲ್ಲಿದೆ. ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕೆ ಜಾಗ ಕೊಟ್ಟ ಮನೆ ಅದೇ.

ಇನ್ನು ಎರಡನೇ ಬೆಂಕಿ. ಅದರ ನೆನಪು ಇಲ್ಲಿರುವ ನಲವತ್ತು ದಾಟಿದವರಿಗೆಲ್ಲ ಇದೆ. 1989ರ ಫೆಬ್ರವರಿ 8. ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿತ್ತು. ಬೆಂಕಿ ಹೊತ್ತಿಕೊಂಡು 62 ಮಂದಿ ಸತ್ತರು. ನಾಯಕ ನಟ ಸಂಜಯ್ ಖಾನ್ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು, ಎಪ್ಪತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬದುಕಿದರು.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಪದ್ಧತಿ ಇದೆ. ರಾತ್ರೋರಾತ್ರಿ ಯಾವುದಾದರೂ ವ್ಯವಸ್ಥೆ ಕುಸಿದುಬಿದ್ದರೆ, ಅದನ್ನು ಸರಿಮಾಡಿದ ಮೇಲೆ ಎಲ್ಲರೂ ಕೂತು ಒಂದು ವರದಿ ಬರೆಯುತ್ತೇವೆ. ಎಷ್ಟು ಹೊತ್ತಿಗೆ ಏನಾಯಿತು, ಯಾಕಾಯಿತು, ಮತ್ತೆ ಆಗದಿರಲು ಏನು ಮಾಡಬೇಕು. ಯಾರ ತಪ್ಪು ಎಂದು ಬೆರಳು ತೋರಿಸುವುದಿಲ್ಲ. "ಯಾಕೆ" ಎಂದು ಒಂದು ಸಲ ಕೇಳಿ ನಿಲ್ಲಿಸುವುದೂ ಇಲ್ಲ, ಉತ್ತರದ ಮೇಲೆ ಮತ್ತೆ "ಯಾಕೆ" ಎಂದು ಕೇಳುತ್ತೇವೆ.

ಸ್ಟುಡಿಯೋ ಬೆಂಕಿಯ ಬಗ್ಗೆ ಹಾಗೆ ಕೇಳಿದರೆ ಉತ್ತರಗಳು ಬಹಳ ಸಾಧಾರಣ. ವೈರಿಂಗ್ ಸಡಿಲವಾಗಿತ್ತು. ಗಾಳಿ ಆಡಲು ಸರಿಯಾದ ದಾರಿ ಇರಲಿಲ್ಲ. ಪ್ರತಿಧ್ವನಿ ಬಾರದಿರಲಿ ಎಂದು ಗೋಡೆಗೆ ಗೋಣಿಚೀಲ ಹೊಡೆದಿದ್ದರು. ದೊಡ್ಡ ದೊಡ್ಡ ದೀಪಗಳ ಕಾವಿಗೆ ಒಳಗೆಲ್ಲ ಕಾದಿತ್ತು. ಬೆಂಕಿ ಆರಿಸಲು ಇದ್ದದ್ದು ಮರಳು, ನೀರಿನ ಬಕೆಟ್ಟು. ಒಂದೊಂದನ್ನೇ ನೋಡಿದರೆ ಯಾವುದೂ ದೊಡ್ಡ ವಿಷಯವಲ್ಲ. ಗೋಣಿಚೀಲ ನಮ್ಮೆಲ್ಲರ ಮನೆಯಲ್ಲೂ ಇದೆ. ಸಡಿಲವಾದ ಸ್ವಿಚ್ಚು ಯಾರ ಮನೆಯಲ್ಲಿಲ್ಲ? ಇವೆಲ್ಲ ಒಂದೇ ಕೋಣೆಯಲ್ಲಿ, ಒಂದೇ ಗಳಿಗೆಯಲ್ಲಿ ಕೂಡಿದಾಗ ಅನಾಹುತವಾಗುತ್ತದೆ.

ಅರಮನೆಯ ಬೆಂಕಿಗೆ ಅರಮನೆಯೇ ನೆನಪಿನ ಮನೆಯಾಯಿತು. ದಿನವೂ ಸಾವಿರಾರು ಜನ ಬಂದು ಆ ಕಂಬಗಳನ್ನು ನೋಡುತ್ತಾರೆ. ಸ್ಟುಡಿಯೋದಲ್ಲಿ ಸತ್ತ 62 ಜನರಿಗೆ ಅಂಥ ಮನೆ ಸಿಗಲಿಲ್ಲ. ಸ್ಟುಡಿಯೋ ಕಟ್ಟಡವೂ ಈಗಿಲ್ಲ. ನನ್ನ ಆಫೀಸಿನ ಹುಡುಗರನ್ನು ಕೇಳಿದೆ, ಬಹಳ ಜನಕ್ಕೆ ವಿಷಯವೇ ಗೊತ್ತಿರಲಿಲ್ಲ. ವಯಸ್ಸಾದ ಆಟೋ ಚಾಲಕರೊಬ್ಬರನ್ನು ಕೇಳಿದೆ. "ಟಿಪ್ಪು ಶೂಟಿಂಗ್ ಬೆಂಕೀನಾ? ಮರೆಯಕ್ಕಾಯ್ತದಾ ಸ್ವಾಮಿ" ಅಂದವರು, ಆಮೇಲೆ ಇಳಿಯುವ ತನಕ ಮಾತಾಡಲಿಲ್ಲ. ಇಂಥವರು ಹೋದ ಮೇಲೆ ಆ ನೆನಪೂ ಹೋಗುತ್ತದೆ.

ಈಗ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಶುಭ ದಿನ ಈ ಮಾತು ಯಾಕೆ? ಯಾಕೆಂದರೆ ಬೆಂಕಿ ಮುಹೂರ್ತ ನೋಡಿ ಬರುವುದಿಲ್ಲ. ಅರಮನೆ ಸುಟ್ಟದ್ದು ಮದುವೆಯ ಸಂಭ್ರಮದಲ್ಲಿ. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದಾಗ ಒಳಗಿದ್ದವರಲ್ಲಿ ಬಹಳಷ್ಟು ಜನ ಆಟ ನೋಡಲು ಬಂದ ಮಕ್ಕಳು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿ ಎಂಬ ಸಣ್ಣ ಪಟ್ಟಣದಲ್ಲಿ ಒಂದು ಶಾಲೆಯ ವಾರ್ಷಿಕೋತ್ಸವ ನಡೆಯುತ್ತಿತ್ತು. ಮೇಲೆ ಸಿಂಥೆಟಿಕ್ ಬಟ್ಟೆಯ ಶಾಮಿಯಾನ. ಹೊರಗೆ ಹೋಗಲು ಇದ್ದದ್ದು ಒಂದೇ ದಾರಿ. ಬೆಂಕಿ ಹತ್ತಿಕೊಂಡು ಕೆಲವೇ ನಿಮಿಷಗಳಲ್ಲಿ 440ಕ್ಕೂ ಹೆಚ್ಚು ಜನ ಹೋದರು. ಹೆಚ್ಚಿನವರು ಮಕ್ಕಳು ಮತ್ತು ತಾಯಂದಿರು. ಆ ಜಾಗದಲ್ಲಿ ಈಗ ಸ್ಮಾರಕವಿದೆ, ಮಡಿದವರ ಭಾವಚಿತ್ರಗಳಿವೆ.

ನಾನು ಪಿಯುಸಿ ಮೊದಲ ವರ್ಷದಲ್ಲಿದ್ದಾಗ, 2004ರ ಜುಲೈ 16ರಂದು, ತಮಿಳುನಾಡಿನ ಕುಂಭಕೋಣಂನಲ್ಲಿ ಅಡುಗೆ ಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿ 94 ಪುಟ್ಟ ಮಕ್ಕಳು ಸತ್ತರು. ಅವರು ಇದ್ದದ್ದು ಮಹಡಿಯ ಮೇಲೆ. ಇಳಿಯಲು ಇಕ್ಕಟ್ಟಾದ ಮೆಟ್ಟಿಲು. ಆ ಬಳಿಕ 2009ರಲ್ಲಿ ಸುಪ್ರೀಂ ಕೋರ್ಟು, ಪ್ರತಿಯೊಂದು ಶಾಲೆಯಲ್ಲೂ ಬೆಂಕಿ ಆರಿಸುವ ಸಾಧನ ಇರಬೇಕು, ಶಿಕ್ಷಕರಿಗೆ ಅದರ ತರಬೇತಿ ಆಗಬೇಕು, ಕಟ್ಟಡ ಸುರಕ್ಷಿತವಾಗಿರಬೇಕು ಎಂದು ಆದೇಶ ಮಾಡಿತು.

ಈಗ ನಮ್ಮ ಶಾಲೆ. ನಾವು ಓದುವಾಗ ಇದ್ದದ್ದು ಹೆಂಚಿನ ಸಾಲು ಕೊಠಡಿಗಳು. ಆಮೇಲೆ ಆರ್‌ಸಿಸಿ ಕಟ್ಟಡ ಬಂತು, ದಾನಿಗಳ ನೆರವಿನಿಂದ ಮಹಡಿಯೂ ಬಂತು. ಮಹಡಿಯ ಮೇಲೆ ನಾಲ್ಕು ಕೊಠಡಿ, ಸುಮಾರು ನೂರೈವತ್ತು ಮಕ್ಕಳು. ಇಳಿಯುವುದಕ್ಕೆ ಒಂದೇ ಮೆಟ್ಟಿಲು. ಆ ಮೆಟ್ಟಿಲ ಬುಡದಲ್ಲೇ ಮುರಿದ ಬೆಂಚು ಪೇರಿಸಿದ್ದೇವೆ. ನಾಲ್ಕು ಹೆಜ್ಜೆ ಆಚೆ ಬಿಸಿಯೂಟದ ಅಡುಗೆ ಮನೆ, ಗ್ಯಾಸ್ ಸಿಲಿಂಡರು. ಯಾರನ್ನೂ ದೂರಲು ಹೇಳುತ್ತಿಲ್ಲ. ಮಕ್ಕಳು ಹೆಚ್ಚಾದಂತೆ, ಹಣ ಸಿಕ್ಕಂತೆ ಕಟ್ಟುತ್ತಾ ಬಂದಿದ್ದೇವೆ. ಎಲ್ಲ ಸರ್ಕಾರಿ ಶಾಲೆಗಳೂ ಬೆಳೆದದ್ದು ಹೀಗೆಯೇ. ಆದರೆ "ಯಾಕೆ" ಎಂದು ಮೊದಲೇ ಕೇಳಿಕೊಂಡರೆ ಆಮೇಲೆ ವರದಿ ಬರೆಯುವ ಗತಿ ಬರುವುದಿಲ್ಲ.

ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಮುಂದೆ ಮಹಾದ್ವಾರ ಕಟ್ಟಬೇಕೆಂದು ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ ಮಾತು ನಡೆದಿದೆ. ದಾನಿಗಳ ಹೆಸರು ಕೆತ್ತಿಸುವ ಆಸೆಯೂ ಇದೆ. ಆಸೆ ತಪ್ಪಲ್ಲ. ಆದರೆ ಕೈಮುಗಿದು ಒಂದು ಮಾತು ಕೇಳುತ್ತೇನೆ. ಒಳಗೆ ಬರುವ ಬಾಗಿಲಿಗಿಂತ ಮೊದಲು ಹೊರಗೆ ಹೋಗುವ ದಾರಿ ಕಟ್ಟೋಣ. ಕಟ್ಟಡದ ಇನ್ನೊಂದು ತುದಿಗೆ ಎರಡನೇ ಮೆಟ್ಟಿಲು ಆಗಲಿ. ಕೊಠಡಿ ಬಾಗಿಲುಗಳು ಹೊರಕ್ಕೆ ತೆರೆಯುವ ಹಾಗೆ ಆಗಲಿ. ಗ್ಯಾಸ್ ಸಿಲಿಂಡರು ಹೊರಗಡೆ ಗಾಳಿ ಆಡುವ ಗೂಡಿಗೆ ಹೋಗಲಿ. ಹೆಸರು ಕೆತ್ತಿಸಲೇಬೇಕೆಂದರೆ ಆ ಮೆಟ್ಟಿಲ ಪಕ್ಕದ ಗೋಡೆ ಇದೆ. ಮಕ್ಕಳು ದಿನಕ್ಕೆ ಹತ್ತು ಸಲ ಅದನ್ನು ಓದುತ್ತಾ ಓಡಾಡುತ್ತಾರೆ, ಮಹಾದ್ವಾರದ ಹೆಸರನ್ನು ಯಾರೂ ತಲೆ ಎತ್ತಿ ಓದುವುದಿಲ್ಲ.

ಎರಡನೆಯದಕ್ಕೆ ಹಣ ಬೇಡ. ವರ್ಷಕ್ಕೆ ಎರಡು ಸಲ, ಜೂನ್‌ನಲ್ಲಿ ಒಮ್ಮೆ, ದಸರಾ ರಜೆ ಮುಗಿದ ಮೇಲೆ ಒಮ್ಮೆ, ಗಂಟೆ ಬಾರಿಸಿ ಎಲ್ಲ ಮಕ್ಕಳನ್ನೂ ಮೈದಾನಕ್ಕೆ ಇಳಿಸುವ ಅಭ್ಯಾಸ ಮಾಡಿಸೋಣ. ಎಷ್ಟು ನಿಮಿಷ ಆಯಿತು ಎಂದು ಒಂದು ಪುಸ್ತಕದಲ್ಲಿ ಬರೆದಿಡೋಣ. ಅಗ್ನಿಶಾಮಕ ಠಾಣೆಯವರನ್ನು ಕೇಳಿಕೊಂಡರೆ ಬಂದು ತೋರಿಸಿಕೊಡುತ್ತಾರೆ. ಕಬಡ್ಡಿ ಕಲಿಸಿದ ಮೈದಾನ ಇದನ್ನೂ ಕಲಿಸಲಿ.

ಮೂರನೆಯದು, ಒಂದು ಸಣ್ಣ ನೆನಪಿನ ಕೋಣೆ. ಐವತ್ತು ವರ್ಷದ ಹಾಜರಿ ಪುಸ್ತಕಗಳು, ಹಳೆಯ ಗಂಟೆ, ಗುಂಪು ಫೋಟೋಗಳು, ನಿವೃತ್ತ ಗುರುಗಳ ಅಕ್ಷರ ಇರುವ ಪಾಠ ಟಿಪ್ಪಣಿಗಳು. ಗೆದ್ದ ಕಪ್ಪುಗಳ ಜೊತೆಗೆ ಮಳೆಗೆ ಹೆಂಚು ಹಾರಿಹೋದ ವರ್ಷದ ಕಥೆಯೂ ಅಲ್ಲಿರಲಿ. ಒಂದು ಗೋಡೆಯ ಮೇಲೆ ಮೈಸೂರಿನ ಆ ಎರಡು ಬೆಂಕಿಗಳ ವಿವರ ಬರೆಸೋಣ. ಈ ಕೋಣೆಯ ಕಂಪ್ಯೂಟರ್ ಕೆಲಸ, ಹಳೆಯ ದಾಖಲೆಗಳ ಸ್ಕ್ಯಾನಿಂಗ್ ನಾನು ಮತ್ತು ನನ್ನ ಗೆಳೆಯರು ಮಾಡಿಕೊಡುತ್ತೇವೆ.

2004ರ ತಂಡದ ನಾವು ಮೂವತ್ತೊಂದು ಜನ ಸೇರಿ ಎರಡನೇ ಮೆಟ್ಟಿಲ ಕೆಲಸಕ್ಕೆ ಮೊದಲ ಕಂತಾಗಿ ಒಂದು ಲಕ್ಷ ರೂಪಾಯಿಯ ಚೆಕ್ಕನ್ನು ಈ ವೇದಿಕೆಯಲ್ಲಿ ಮುಖ್ಯೋಪಾಧ್ಯಾಯರ ಕೈಗೆ ಕೊಡುತ್ತಿದ್ದೇವೆ. ಉಳಿದದ್ದಕ್ಕೆ ಬೇರೆ ತಂಡದವರು ಕೈಜೋಡಿಸಬೇಕೆಂದು ಬೇಡುತ್ತೇನೆ. ಬರುವ ಜೂನ್‌ನಲ್ಲಿ ಎಂಟನೇ ತರಗತಿಗೆ ಸೇರುವ ಮಕ್ಕಳು ಎರಡು ಮೆಟ್ಟಿಲು ಇರುವ ಶಾಲೆಗೆ ಬರಲಿ.