ಕೋಟೆಗೆ ಕಾರ್ನೆಲ್ ಬರುತ್ತೆ, ಕೋಟೆಯಿಂದ ಯಾರು ಹೋಗ್ತಾರೆ?

ವಿದೇಶದಲ್ಲಿ ಓದು ಅಂದ ಕೂಡಲೇ ನಮಗೆ ಹೊಳೆಯೋದು ವಿಮಾನ ನಿಲ್ದಾಣ, ದೊಡ್ಡ ಸೂಟ್‌ಕೇಸು, ಕಣ್ಣೊರೆಸಿಕೊಳ್ತಿರೋ ಅಮ್ಮ. ಇವತ್ತು ಅದರ ಉಲ್ಟಾ ಚಿತ್ರ ನೋಡೋಣ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬೇಸಿಗೆ ರಜೆಯಲ್ಲಿ ನಮ್ಮ ಮೈಸೂರಿಗೆ ಓದೋಕೆ ಬಂದಿದ್ದಾರೆ. ವಿಷಯ, ಜಾಗತಿಕ ಆರೋಗ್ಯ. ಅವರನ್ನು ಬರಮಾಡಿಕೊಂಡದ್ದು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್. 1984ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಮೈಸೂರು ಮೆಡಿಕಲ್ ಕಾಲೇಜಿನ ಗೆಳೆಯರು ಕಟ್ಟಿದ ಸಂಸ್ಥೆ ಇದು. ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಕೆಲಸ ಮಾಡ್ತಾ ಬೆಳೆದು, ಸರಗೂರಿನಲ್ಲಿ ಆಸ್ಪತ್ರೆ, ಹೊಸಹಳ್ಳಿಯಲ್ಲಿ ಆದಿವಾಸಿ ಮಕ್ಕಳಿಗೆ ಶಾಲೆ ನಡೆಸ್ತಿದೆ.

ಪಿರಿಯಾಪಟ್ಟಣ ತಾಲೂಕಿಗೆ ಬನ್ನಿ. ಬೈಲಕುಪ್ಪೆಯ ಟಿಬೆಟಿಯನ್ ಮಠಗಳಲ್ಲಿ ಭೂತಾನ್, ನೇಪಾಳದ ಹುಡುಗರು ವರ್ಷಗಟ್ಟಲೆ ಕೂತು ಓದ್ತಾರೆ. ಅಂದ್ರೆ ನಮ್ಮ ತಾಲೂಕುಗಳು ಜಗತ್ತಿಗೆ ಪಾಠ ಹೇಳಿಕೊಡ್ತಿವೆ. ಸಂತೋಷ. ಆದರೆ ಇಲ್ಲಿನ ಮಕ್ಕಳು?

ನಾನೂ ಇಂಜಿನಿಯರಿಂಗ್ ಓದಿದವನೇ. ನಮ್ಮ ಕಾಲದಲ್ಲೂ ವಿದೇಶ ಅಂದ್ರೆ ಜಿಆರ್‌ಇ, ಎರಡು ವರ್ಷದ ಎಂಎಸ್, ತಲೆ ಮೇಲೆ ಸಾಲ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದ್ರೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತೆ. ಕೆ.ಆರ್. ನಗರದಲ್ಲಿ ಭತ್ತ ಬೆಳೆಯೋ ಅಪ್ಪ ಏನನ್ನ ಇಡಬೇಕು? ಅಮೆರಿಕದ ಹುಡುಗಿ ಕೆಲವು ವಾರ ಬಂದು, ನೋಡಿ, ಕಲಿತು, ತನ್ನ ಕಾಲೇಜಿಗೇ ವಾಪಸ್ ಹೋಗ್ತಾಳೆ. ನಮ್ಮ ಹುಡುಗ ಮಾತ್ರ ಹೋದ್ರೆ ಮನೆಯನ್ನೇ ಪಣಕ್ಕಿಟ್ಟು ಹೋಗಬೇಕು. ಅವಳಿಗೆ ಅದು ಕಲಿಕೆ, ಇವನಿಗೆ ಜೂಜು.

ಇದಕ್ಕೆ ನಡುದಾರಿ ಇದೆ ವೀಕ್ಷಕರೇ. ಒಂದೇ ಒಂದು ಸೆಮಿಸ್ಟರ್. ಪದವಿ ಇಲ್ಲೇ, ಒಂದು ಸೆಮಿಸ್ಟರ್ ಅಲ್ಲಿ. ಕಾನೂನಿನ ಅಡ್ಡಿಯೂ ಇಲ್ಲ. ಯುಜಿಸಿ 2022ರಲ್ಲೇ ಟ್ವಿನ್ನಿಂಗ್ ನಿಯಮ ತಂದಿದೆ. ಒಟ್ಟು ಕ್ರೆಡಿಟ್‌ನಲ್ಲಿ ಶೇಕಡಾ 30ರವರೆಗೆ ವಿದೇಶಿ ವಿಶ್ವವಿದ್ಯಾಲಯದಲ್ಲಿ ಗಳಿಸಬಹುದು. ಆದರೆ ಅಂಥ ಒಪ್ಪಂದಕ್ಕೆ ನ್ಯಾಕ್‌ನಲ್ಲಿ 4ಕ್ಕೆ ಕನಿಷ್ಠ 3.01 ಅಂಕ ಬೇಕು, ಇಲ್ಲವೇ ಎನ್‌ಐಆರ್‌ಎಫ್ ವಿಶ್ವವಿದ್ಯಾಲಯಗಳ ಪಟ್ಟಿಯ ಮೊದಲ ನೂರರಲ್ಲಿರಬೇಕು. ಬಾಗಿಲು ತೆರೆದಿದೆ, ಹೊಸ್ತಿಲು ಮಾತ್ರ ಎತ್ತರ. ತಾಲೂಕಿನ ಸರ್ಕಾರಿ ಕಾಲೇಜು ಒಂಟಿಯಾಗಿ ಅದನ್ನ ದಾಟೋದು ಕಷ್ಟ. ಮೈಸೂರು ವಿಶ್ವವಿದ್ಯಾಲಯ ಆ ಪಟ್ಟಿಯ ಮೊದಲ ನೂರರಲ್ಲಿ ಹೆಸರು ಮಾಡಿದೆ. ಕೈ ಹಿಡಿದು ದಾಟಿಸಬೇಕಾದ್ದು ಅದು.

ಖರ್ಚು? ಓದೋಕೆ ಬರೋರು ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ದುಡ್ಡು ತೋರಿಸಬೇಕು ಅಂತ ಜರ್ಮನಿ 2024ರಲ್ಲಿ ನಿಗದಿ ಮಾಡಿತು. ಆರು ತಿಂಗಳಿಗೇ ಐದು ಲಕ್ಷ ರೂಪಾಯಿ ದಾಟುತ್ತೆ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳ ವಿದೇಶಿ ಓದಿಗೆ ನಮ್ಮ ರಾಜ್ಯದಲ್ಲಿ 'ಪ್ರಬುದ್ಧ' ಯೋಜನೆ ಇದೆ. ಪೂರ್ತಿ ಪದವಿಗೆ ದುಡ್ಡು ಕೊಡೋ ಸರ್ಕಾರ, ಒಂದು ಸೆಮಿಸ್ಟರ್‌ಗೆ ಅಂತಲೇ ಪ್ರತಿ ತಾಲೂಕಿಗೆ ನಾಲ್ಕು ಸೀಟು ಯಾಕೆ ಇಡಬಾರದು?

ಆರು ತಿಂಗಳಲ್ಲಿ ಏನು ಕಲೀತಾರೆ ಅಂತೀರಾ? ಹುಣಸೂರು ಸೀಮೆಯ ರೈತರು ತಂಬಾಕು ಬಿಟ್ಟು ಬೇರೇನು ಬೆಳೀಬೇಕು ಅಂತ ವರ್ಷಗಳಿಂದ ಕೇಳ್ತಿದ್ದಾರೆ. ಆ ರೈತನ ಮಗಳು ನೆದರ್ಲೆಂಡ್ಸ್‌ನ ವಾಗೆನಿಂಗೆನ್ ಕೃಷಿ ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರ್ ಕೂತು ಬರಲಿ. ಉತ್ತರ ತರದಿದ್ರೂ ಪರವಾಗಿಲ್ಲ, ಸರಿಯಾದ ಪ್ರಶ್ನೆ ತರ್ತಾಳೆ. ಎಲ್ಲಕ್ಕಿಂತ ಮುಖ್ಯ, ವಾಪಸ್ ಬರ್ತಾಳೆ. ಪದವಿ ಇಲ್ಲೇ ಮುಗಿಸಬೇಕಲ್ಲ!

ಹುಣಸೂರು ಕ್ಷೇತ್ರ ವಿಧಾನಸಭೆಗೆ ಕಳಿಸಿದ ದೇವರಾಜ ಅರಸು ಮುಖ್ಯಮಂತ್ರಿ ಆದಾಗ ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್, ವಿದ್ಯಾರ್ಥಿವೇತನ ಕೊಟ್ಟರು. ಆಗ ಹಳ್ಳಿ ಹುಡುಗನಿಗೆ ಮೈಸೂರೇ ವಿದೇಶ. ಆ ದೂರವನ್ನ ಒಂದು ಹಾಸ್ಟೆಲ್ ರೂಮು ಕಡಿಮೆ ಮಾಡಿತು. ಇವತ್ತು ದೂರ ಬದಲಾಗಿದೆ, ಹುಡುಗ ಅವನೇ. ಈ ನಾಲ್ಕು ತಾಲೂಕಿನ ಶಾಸಕರು ಮುಂದಿನ ಬಜೆಟ್‌ಗೆ ಮೊದಲು ಕೇಳಬೇಕಾದ್ದು ಇಷ್ಟೇ, ತಾಲೂಕಿಗೆ ನಾಲ್ಕು ಸೀಟು. ಕೇಳ್ತಾರಾ? ನೀವು ಅವರನ್ನ ಕೇಳಿ.